ನೀರಿನ ಕ್ಯಾನಿಗೆ ಹಚ್ಚಿದ ಬಿಳಿ ಬಣ್ಣ

ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಆ ದೇಶದ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿ ಯುದ್ಧ ಇನ್ನೂ ನಿಂತಿಲ್ಲ, ನನಗೆ ಗೊತ್ತಿರುವ ಕೆಲವರು ಇನ್ನೂ ಅಲ್ಲೇ ಇದ್ದಾರೆ. ಬರೆದದ್ದು ಯಾರ ಕಣ್ಣಿಗೆ ಬಿದ್ದು ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ನೋಡಿದ್ದೇನೆ. ಅಷ್ಟು ಸಾಕು.

ನಾನು ಓದಿದ್ದು ಏಳನೆಯ ಇಯತ್ತೆವರೆಗೆ. ಗದಗ-ಬೆಟಗೇರಿಯ ಕ್ರೈಸ್ತ ಮನೆತನ ನಮ್ಮದು. ಅಪ್ಪ ಮಗ್ಗದಲ್ಲಿ ಕೂತು ಸಂಸಾರ ನಡೆಸಿದವನು. ಅವನು ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟು ಪಂಪ್ ರಿಪೇರಿ ಅಂಗಡಿ ಸೇರಿದೆ. ಅಲ್ಲಿಂದ ಹುಬ್ಬಳ್ಳಿ, ಆಮೇಲೆ ಗಲ್ಫ್. ಗಲ್ಫಿನಲ್ಲಿ ಹನ್ನೊಂದು ವರ್ಷ ಪೈಪ್ ಫಿಟ್ಟರ್ ಆಗಿದ್ದೆ, ಅಲ್ಲಿನ ಭಾಷೆಯನ್ನೂ ಸಂತೆಯ ಮಟ್ಟಕ್ಕೆ ಕಲಿತೆ. ಈಗ ಈ ಹಿಮದ ದೇಶಕ್ಕೆ ಬಂದು ಬರ್ಲಿಂಗ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ಪಂಪು ಜೋಡಿಸುತ್ತೇನೆ. ಮೆಡೋವೇಲ್‌ನಲ್ಲಿ ಸ್ವಂತ ಮನೆ ಇದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ.

ನಮ್ಮ ಚರ್ಚಿನಿಂದ ಯುದ್ಧದ ನಾಡಿಗೆ ನೀರಿನ ಕೆಲಸದ ತಂಡ ಹೋಗುತ್ತದೆ ಎಂದಾಗ ಮೊದಲು ಕೈ ಎತ್ತಿದ್ದು ನಾನು. ನಾನು ಗಲ್ಫಿನಲ್ಲಿ ಕಲಿತ ಭಾಷೆಯೇ ಅಲ್ಲಿಯದೂ. ತಂಡದಲ್ಲಿ ಡಾಕ್ಟರಿದ್ದರು, ಇಂಜಿನಿಯರಿದ್ದರು. ಆದರೆ ಮರಳು ಕಟ್ಟಿ ನಿಂತ ಪಂಪನ್ನು ಬಿಚ್ಚಿ ಮತ್ತೆ ನೀರು ತರಿಸಬಲ್ಲವನು ನಾನೊಬ್ಬನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಚರ್ಚಿನ ಹಾಲಿನ ಗೋಡೆಯ ಮೇಲೆ ನಾನು ಶಿಬಿರದ ನೀರಿನ ಟ್ಯಾಂಕಿನ ಪಕ್ಕ ನಿಂತ ಫೋಟೊ ಇದೆ. ಅದರಲ್ಲಿ ನನ್ನ ಕಾಲ ಬಳಿ ಸಾಲಾಗಿ ಇಟ್ಟ ಕ್ಯಾನುಗಳೂ ಕಾಣುತ್ತವೆ. ಭಾನುವಾರ ಆ ಗೋಡೆಯ ಕಡೆ ಬೆನ್ನು ಮಾಡಿ ಕೂರುವುದು ಈಗ ನನಗೆ ರೂಢಿಯಾಗಿದೆ.

ಈ ದೇಶದಲ್ಲಿ ಚರ್ಚಿನಂಥ ಗುಂಪೊಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಂಡು ಒಂದು ವರ್ಷ ಅವರ ಮನೆ, ಊಟ, ಶಾಲೆ ಎಲ್ಲ ನೋಡಿಕೊಳ್ಳಬಹುದು. ನಾವು ಹಾಗೆ ಕರೆಸಿಕೊಂಡ ಮೊದಲ ಕುಟುಂಬ ನಾನು ಕೆಲಸ ಮಾಡಿದ ಅದೇ ಶಿಬಿರದ್ದು. ಒಬ್ಬ ಹೆಂಗಸು, ಅವಳ ಅತ್ತೆ, ಹತ್ತು ವರ್ಷದ ಮಗಳು. ಹೆಂಗಸಿನ ಗಂಡನನ್ನು ಬಂದೂಕಿನವರು ಶಿಬಿರದಿಂದಲೇ ಎತ್ತಿಕೊಂಡು ಹೋಗಿದ್ದರು. ಅವನು ಏನಾದನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವರು ಮೂವರೂ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇದ್ದಾರೆ. ಶಿಬಿರದಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಅವರೂ ನನ್ನನ್ನು ನೀರಿನ ಮೇಸ್ತ್ರಿ ಎನ್ನುತ್ತಿದ್ದರು.

ಅವರು ಬಂದ ಮೇಲೆ ನನ್ನ ಪಿಕಪ್ಪನ್ನು ಮನೆಯ ಮುಂದೆ ನಿಲ್ಲಿಸುವುದನ್ನು ಬಿಟ್ಟೆ. ನಮ್ಮ ಬೀದಿಯಲ್ಲಿ ಪಿಕಪ್ಪು ಎಂದರೆ ಏಣಿ, ಪೈಪು ಸಾಗಿಸುವ ಗಾಡಿ. ಅವರಿಗೆ ಹಾಗಲ್ಲ, ಬಂದೂಕಿನವರು ಬರುತ್ತಿದ್ದದ್ದು ಅಂಥದ್ದರಲ್ಲೇ. ಪಕ್ಕದ ಮನೆಯವನು ಬೆಳಗ್ಗೆ ತನ್ನ ಪಿಕಪ್ಪು ಬಿಸಿಯಾಗಲೆಂದು ಹತ್ತು ನಿಮಿಷ ಎಂಜಿನ್ ಓಡಿಸಿ ಬಿಡುತ್ತಾನೆ. ಆ ಹತ್ತು ನಿಮಿಷ ಕೆಳಗೆ ನಲ್ಲಿಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ, ಮುದುಕಿಯ ಕೆಮ್ಮೂ ಇಲ್ಲ. ಗಾಡಿ ಹೋದ ಮೇಲೆ ಮತ್ತೆ ಎಲ್ಲ ಶುರುವಾಗುತ್ತದೆ. ಒಮ್ಮೆ ಆ ಹುಡುಗಿಯನ್ನು ಕೇಳಿದೆ, ಆಗ ನೀವು ಎಲ್ಲಿರುತ್ತೀರಿ ಎಂದು. ಅವಳು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಮನೆಗೆ ಬಿಸಿಗಾಳಿ ಊದುವ ಫರ್ನೇಸಿನ ಹಿಂದೆ ಎಂದಳು, ಪುಸ್ತಕ ಎಲ್ಲಿಟ್ಟಿದ್ದೇನೆ ಎಂದು ಹೇಳುವಷ್ಟು ಸಹಜವಾಗಿ.

ಎರಡನೆಯ ಕುಟುಂಬ ಯಾವುದಿರಲಿ ಎಂಬ ಮಾತು ಈ ಚಳಿಗಾಲದಲ್ಲಿ ಬಂತು. ಅದೇ ಶಿಬಿರದ ಒಬ್ಬ ದರ್ಜಿಯ ಕುಟುಂಬವನ್ನು ಸೂಚಿಸಿದವನು ನಾನು. ಗಂಡ, ಹೆಂಡತಿ, ಮೂರು ಮಕ್ಕಳು. ಹೊಡೆದಾಟ ಶಿಬಿರದ ಹತ್ತಿರ ಹತ್ತಿರ ಬರುತ್ತಿತ್ತು. ದರ್ಜಿ ಕಳಿಸುವ ಧ್ವನಿ ಸಂದೇಶಗಳಲ್ಲಿ ಅವನ ಮಾತಿನ ಹಿಂದೆ ಕೇಳುವ ಸದ್ದು ನನಗೆ ಗೊತ್ತಿದ್ದ ಸದ್ದು. ಅವನ ಋಣ ನನ್ನ ಮೇಲಿತ್ತು. ಯಾವ ಋಣ ಎಂದು ಸಮಿತಿಯವರಿಗೆ ನಾನು ಹೇಳಿರಲಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿ ಕೂತಿತು. ಸಮಿತಿಯ ಕಾರ್ಯದರ್ಶಿ ಬೆಂಗಳೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು.

“ಬ್ರದರ್, ಫೈಲ್ ನೀಟಾಗಿದೆ,” ಎಂದರು. “ಒಂದೇ ಒಂದು ಫಾರ್ಮಾಲಿಟಿ. ಸಿಸ್ಟರ್ ಅದೇ ಕ್ಯಾಂಪಲ್ಲಿ ಇದ್ದವ್ರಲ್ವಾ, ಅವ್ರನ್ನೂ ಒಂದು ಮಾತು ಕೇಳ್ಬಿಡೋಣ.”

ನಮ್ಮ ಕೆಳಮನೆಯ ಹೆಂಗಸು ಬಂದು ಕೂತಳು. ದರ್ಜಿಯ ಫೋಟೊ ನೋಡಿದಳು. ನೋಡಿ ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಇವನು ಬಂದರೆ ನಾವು ಹೋಗುತ್ತೇವೆ. ಎಲ್ಲಿಗೆ ಎಂದು ಕೇಳಬೇಡಿ,” ಎಂದಳು ತನ್ನ ಭಾಷೆಯಲ್ಲಿ. “ನಮ್ಮ ಊರಿನ ಡೇರೆಗಳು ಯಾವುವೆಂದು ಬಂದೂಕಿನವರಿಗೆ ಹೇಳಿದ್ದು ಇವನೇ. ಅವರ ಜೊತೆ ಚಹಾ ಕುಡಿದ. ನಾನು ಕಣ್ಣಾರೆ ನೋಡಿದ್ದೇನೆ.”

ಅವಳ ಮಾತನ್ನು ಸಮಿತಿಗೆ ತಿಳಿಸಬೇಕಾದ ದುಭಾಷಿ ನಾನೇ. ತಿಳಿಸಿದೆ. ಒಂದು ಶಬ್ದವನ್ನೂ ಬಿಡಲಿಲ್ಲ, ಸೇರಿಸಲಿಲ್ಲ. ಅದು ಸುಳ್ಳು ಎಂಬುದೊಂದನ್ನು ಮಾತ್ರ ಹೇಳಲಿಲ್ಲ.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದರು. “ಇದು ಸೀರಿಯಸ್ ಅಲ್ವಾ. ಹಂಗಂತ ಸುಮ್ನೆ ರಿಜೆಕ್ಟ್ ಮಾಡೋದೂ ಸರಿಯಲ್ಲ. ಒಂದ್ ಕೆಲ್ಸ ಮಾಡೋಣ. ಅವ್ರ ಮೇಲೆ ಯಾವ ಕಂಪ್ಲೇಂಟೂ ಇಲ್ಲ ಅಂತ ಅಲ್ಲಿನ ಆಫೀಸಿಂದ ಒಂದು ಲೆಟರ್ ತರ್ಲಿ. ಮೂರು ವಾರ ಟೈಮ್ ಕೊಡೋಣ. ಬಂದ್ರೆ ಮುಂದಕ್ಕೆ, ಇಲ್ಲಾಂದ್ರೆ ಬೇರೆ ಫ್ಯಾಮಿಲಿ. ಏನಂತೀರ ಬ್ರದರ್?”

ಶಿಬಿರದವರ ದಾಖಲೆ ಇಡುವ ಆ ಆಫೀಸು ಇರುವುದು ಪಟ್ಟಣದಲ್ಲಿ. ಶಿಬಿರದಿಂದ ಪಟ್ಟಣಕ್ಕೆ ಅರ್ಧ ದಿನದ ದಾರಿ. ನಡುವೆ ನಾಲ್ಕು ಕಡೆ ಗಾಡಿ ನಿಲ್ಲಿಸಿ ಕೆಳಗೆ ಇಳಿಸುತ್ತಾರೆ, ನಾಲ್ಕು ಕಡೆಯೂ ಬೇರೆ ಬೇರೆ ಬಂದೂಕಿನವರು. ಒಂದು ಕಡೆ ಸರಿ ಎನಿಸಿಕೊಂಡ ಕಾಗದ ಇನ್ನೊಂದು ಕಡೆ ಅಪರಾಧ. ಆ ಕೋಣೆಯಲ್ಲಿ ಇದು ಗೊತ್ತಿದ್ದವನು ನಾನೊಬ್ಬ.

“ಆಗ್ಲಿ ರೀ,” ಎಂದು ಒಪ್ಪಿಕೊಂಡೆ.

ಯಾಕೆ ಹಾಗೆಂದೆ ಎಂದು ತಿಳಿಯಬೇಕಾದರೆ ಆ ಶಿಬಿರದ ಕಥೆ ಹೇಳಬೇಕು.

ಗುಡ್ಡದ ಬುಡದಲ್ಲಿ ಸಾಲು ಸಾಲು ಡೇರೆಗಳು, ನಾಲ್ಕು ಊರುಗಳ ಜನ. ನಡುವೆ ಒಂದು ಬೋರ್‌ವೆಲ್, ಪಂಪಿನ ಶೆಡ್ಡು, ಕಬ್ಬಿಣದ ಕಂಬಗಳ ಮೇಲೆ ಟ್ಯಾಂಕು, ಅದಕ್ಕೆ ಆರು ನಲ್ಲಿ. ನಾನು ಹೋದಾಗ ಪಂಪು ನಿಂತು ಒಂಬತ್ತು ದಿನವಾಗಿತ್ತು, ಜನ ಗುಡ್ಡದ ಆಚೆಯ ಹೊಂಡದಿಂದ ಹಸಿರು ನೀರು ತರುತ್ತಿದ್ದರು. ಎರಡು ದಿನದಲ್ಲಿ ನಾನು ನೀರು ಬರಿಸಿದೆ. ಮುದುಕಿಯರು ನನ್ನ ಗ್ರೀಸು ಮೆತ್ತಿದ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು.

ಅಲ್ಲಿ ಸರದಿಯಲ್ಲಿ ಜನ ನಿಲ್ಲುತ್ತಿರಲಿಲ್ಲ, ಕ್ಯಾನು ನಿಲ್ಲುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಹಳದಿ ಎಣ್ಣೆ ಕ್ಯಾನು, ನೀಲಿ ಕ್ಯಾನು, ಬಾಯಿ ಕತ್ತರಿಸಿದ ಕ್ಯಾನು, ಒಂದರ ಹಿಂದೆ ಒಂದು ಕೂತಿರುತ್ತಿದ್ದವು. ಹಿಡಿಕೆಗೆ ಒಂದು ಬಟ್ಟೆಯ ಚೂರು, ಇಲ್ಲವೇ ನೂಲಿನ ಗಂಟು, ಇಲ್ಲವೇ ಹಳೆಯ ಅಂಗಿಯ ಗುಂಡಿ. ಯಾವ ಗಂಟು ಯಾವ ಮನೆಯದೆಂದು ಆ ಹೆಂಗಸರಿಗೆ ಗೊತ್ತು. ಹೊರಗಿನವರಿಗೆ ಅದು ಬರೀ ಚಿಂದಿ. ಒಬ್ಬರ ಕ್ಯಾನನ್ನು ಇನ್ನೊಬ್ಬರು ಹಿಂದೆ ಹಾಕುತ್ತಿರಲಿಲ್ಲ. ಆದರೂ ನೀರು ಕಮ್ಮಿಯಾದ ದಿನ ಎರಡು ಊರಿನವರಿಗೆ ಜಗಳ ಹತ್ತುತ್ತಿತ್ತು.

ನಾನು ವರ್ಕ್‌ಶಾಪಿನ ಮನುಷ್ಯ. ನಮ್ಮಲ್ಲಿ ಒಂದು ವಾಷರು ಕೂಡ ಲೇಬಲ್ ಇಲ್ಲದ ಡಬ್ಬಿಯಲ್ಲಿ ಇರುವುದಿಲ್ಲ. ಚೀಟಿ ಇಲ್ಲದ ಸಾಮಾನು ಕಳೆದುಹೋದ ಸಾಮಾನು ಎಂದೇ ನಾನು ಕಲಿತದ್ದು. ಬಿಳಿ ಆಯಿಲ್ ಪೇಂಟ್ ತರಿಸಿದೆ. ಪ್ರತಿ ಕ್ಯಾನಿನ ಮೇಲೂ ಊರಿಗೊಂದು ಅಕ್ಷರ, ಅದರ ಕೆಳಗೆ ಸಾಲಿನ ನಂಬರು, ಅದರ ಕೆಳಗೆ ಡೇರೆಯ ನಂಬರು ಬರೆದೆ. ಒಂದೊಂದು ಊರಿಗೆ ಒಂದೊಂದು ಗಂಟೆ ಪಾಳಿ ಕೊಟ್ಟೆ. ಮೊದಲ ಪಾಳಿ ಬೆಳಗ್ಗೆ ಆರಕ್ಕೆ, ಎರಡನೆಯದು ಏಳಕ್ಕೆ, ಹೀಗೆ. ನಾಲ್ಕು ದಿನ ಬಗ್ಗಿದ ಬೆನ್ನು ಎತ್ತದೆ ಬರೆದೆ.

ಟ್ಯಾಂಕಿನ ನೆರಳಿನಲ್ಲಿ ಕೈಮಿಷಿನ್ ಇಟ್ಟುಕೊಂಡು ಡೇರೆಯ ಬಟ್ಟೆ, ಹರಕು ಅಂಗಿ ಹೊಲಿಯುತ್ತಿದ್ದವನು ಈ ದರ್ಜಿ. ನಾಲ್ಕೂ ದಿನ ನನ್ನನ್ನು ನೋಡುತ್ತಿದ್ದ. ಕೊನೆಗೆ ಕೇಳಿದ:

“ಮೇಸ್ತ್ರಿ, ಇದು ಯಾಕೆ?”

“ಗಲಾಟೆ ಆಗಬಾರದಲ್ಲ.”

“ಆದರೆ ಆಗಲಿ ಬಿಡು. ಎರಡು ಬೈಗುಳ, ಆಮೇಲೆ ಚಹಾ. ಯಾವ ಕ್ಯಾನು ಯಾರದೆಂದು ನಮ್ಮ ಹೆಂಗಸರಿಗೆ ಗೊತ್ತಿದೆ. ಗೊತ್ತಿರಬೇಕಾದವರು ಅಷ್ಟೇ ಜನ.”

“ನೀನು ಅಂಗಿ ಹೊಲಿ. ನೀರು ನಾನು ನೋಡಿಕೊಳ್ಳುತ್ತೇನೆ.”

“ನನ್ನ ಕ್ಯಾನಿಗೆ ಮಾತ್ರ ಬೇಡ.”

“ಹಾಗಾದರೆ ನಿನಗೆ ಎಲ್ಲರ ಕೊನೆಗೆ ನೀರು.”

“ಕೊಡು ಕೊನೆಗೇ. ದರ್ಜಿಗೆ ಎಷ್ಟು ನೀರು ಬೇಕು? ನೂಲು ನೆನೆಸಲು ಬಾಯಲ್ಲಿ ಎಂಜಲಿದೆ.”

ನಾನು ನಕ್ಕೆ, ಅವನೂ ನಕ್ಕ. ಇಡೀ ಶಿಬಿರದಲ್ಲಿ ಬರಹ ಇಲ್ಲದ ಕ್ಯಾನು ಅವನದೊಂದೇ ಉಳಿಯಿತು.

ಗಲಾಟೆ ನಿಂತಿತು. ನಮ್ಮ ತಂಡದ ಇಂಜಿನಿಯರು ಬಂದು ನೋಡಿ ಫೋಟೊ ತೆಗೆದರು. ಗೋಡೆಯ ಮೇಲಿರುವುದು ಅದೇ ಫೋಟೊ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಪಿಕಪ್ಪಿನಲ್ಲಿ ಮೂವರು ಬಂದರು. ಬಂದೂಕು ಗಾಡಿಯಲ್ಲೇ ಬಿಟ್ಟು ಇಳಿದರು. ಆ ಕಡೆ ಓಡಾಡುವ ಪಹರೆಯವರು ಆಗಾಗ ನೀರು ತುಂಬಿಸಿಕೊಳ್ಳಲು ಬರುತ್ತಿದ್ದರು, ಅದು ಹೊಸದೇನಲ್ಲ. ಇಬ್ಬರು ದರ್ಜಿಯ ಬಳಿ ಹೋಗಿ ಗಾಡಿಗೆ ಹೊದಿಸುವ ಹರಿದ ತಾಡಪತ್ರಿ ಅವನ ಮುಂದೆ ಎಸೆದರು. ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟರು. ಬೇಡ ಎನ್ನುವ ಧೈರ್ಯ ಯಾರಿಗಿದೆ? ಅವನು ಕುಡಿದು ಹೊಲಿಯಲು ಕೂತ. ನಲ್ಲಿಯ ಬಳಿ ಇದ್ದ ಹೆಂಗಸರು ನೋಡಿದ್ದು ಇಷ್ಟು.

ಮೂರನೆಯವನು ಟ್ಯಾಂಕಿನ ಹಿಂದೆ, ಪಂಪಿನ ಶೆಡ್ಡಿಗೆ ಬಂದ. ನಡುವಯಸ್ಸಿನವನು, ಒಳ್ಳೆಯ ಮಾತು.

“ಇಷ್ಟು ಅಚ್ಚುಕಟ್ಟಾದ ಶಿಬಿರವನ್ನು ನಾನು ಎಲ್ಲೂ ನೋಡಿಲ್ಲ. ಯಾರು ಮಾಡಿದ್ದು?”

“ನಾನೇ.”

“ಇಂಜಿನಿಯರಾ?”

“ಇಂಜಿನಿಯರುಗಳಿಗೆ ಕೆಲಸ ಕಲಿಸುವವನು.”

ಅವನು ಜೋರಾಗಿ ನಕ್ಕು ನನ್ನ ಭುಜ ತಟ್ಟಿದ. ಆಮೇಲೆ ಒಂದು ಕ್ಯಾನನ್ನು ಬೆರಳಿನಿಂದ ತೋರಿಸಿ, “ಈ ಅಕ್ಷರ ಏನು?” ಎಂದ.

ನಾನು ಹೇಳಿದೆ. ಈ ಅಕ್ಷರ ಈ ಊರು, ಆ ಅಕ್ಷರ ಆ ಊರು. ಕೆಳಗಿನದು ಸಾಲು, ಅದರ ಕೆಳಗಿನದು ಡೇರೆ. ಯಾವ ಊರಿನ ಪಾಳಿ ಎಷ್ಟು ಗಂಟೆಗೆ ಎಂಬುದನ್ನೂ ಅವನು ಕೇಳದೆಯೇ ಹೇಳಿದೆ. ನನ್ನ ಜೀವನದಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಮನಸ್ಸಿಟ್ಟು ಕೇಳಿರಲಿಲ್ಲ. ಮಧ್ಯೆ ಒಂದೆರಡು ಪ್ರಶ್ನೆ ಹಾಕಿ ಖಾತ್ರಿ ಮಾಡಿಕೊಂಡ. ನಾನು ಮಾತಾಡುವಷ್ಟು ಹೊತ್ತು ಟ್ಯಾಂಕಿನ ಆ ಬದಿಯಲ್ಲಿ ಹೊಲಿಗೆಯ ಮಿಷಿನ್ ನಿಂತಿತ್ತು. ನಾನು ಮುಗಿಸಿದ ಮೇಲೆ ಮತ್ತೆ ಶುರುವಾಯಿತು. ಆ ಹೊತ್ತಿಗೆ ಅದು ನನಗೆ ಏನೂ ಅನ್ನಿಸಲಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಎರಡನೆಯ ಊರಿನ ಪಾಳಿ. ಆ ಊರಿನ ಹೆಂಗಸರೆಲ್ಲ ನಲ್ಲಿಯ ಬಳಿ ಇದ್ದರು. ಗಂಡಸರು ಡೇರೆಗಳಲ್ಲಿದ್ದರು. ಏಳೂ ಹತ್ತಕ್ಕೆ ಐದು ಪಿಕಪ್ಪು ಬಂದವು. ಯಾವ ಡೇರೆ ಎಂದು ಅವರು ಯಾರನ್ನೂ ಕೇಳಲಿಲ್ಲ. ನೇರ ಆ ಸಾಲಿಗೆ ಹೋದರು, ಡೇರೆಯ ಮೇಲಿನ ನಂಬರು ನೋಡಿಕೊಂಡು ಬಟ್ಟೆ ಸರಿಸಿದರು. ಹನ್ನೆರಡು ನಿಮಿಷದೊಳಗೆ ಏಳು ಗಂಡಸರನ್ನು ಹತ್ತಿಸಿಕೊಂಡು ಹೋದರು. ಈಗ ನಮ್ಮ ಕೆಳಮನೆಯಲ್ಲಿರುವ ಹೆಂಗಸಿನ ಗಂಡ ಅವರಲ್ಲೊಬ್ಬ. ಹೆಂಗಸರು ಗಾಡಿಗಳ ಹಿಂದೆ ಓಡಿದರು. ಕ್ಯಾನುಗಳು ನಲ್ಲಿಯ ಕೆಳಗೇ ಇದ್ದವು, ತುಂಬಿ ಹೊರಗೆ ಹರಿಯುತ್ತಿದ್ದವು. ನಾನು ಹೋಗಿ ಆರು ನಲ್ಲಿಗಳನ್ನೂ ಒಂದೊಂದಾಗಿ ನಿಲ್ಲಿಸಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಸಂಜೆಯೊಳಗೆ ಶಿಬಿರ ತನ್ನ ತೀರ್ಮಾನಕ್ಕೆ ಬಂದಿತ್ತು. ಚಹಾ ಕುಡಿದವನು ದರ್ಜಿ. ಬೇರೆ ಊರಿನವನು ದರ್ಜಿ. ತನ್ನ ಕ್ಯಾನಿಗೆ ಮಾತ್ರ ಬರಹ ಬೇಡವೆಂದವನು ದರ್ಜಿ. ಅವನಿಗೆ ಮೊದಲೇ ಎಲ್ಲ ಗೊತ್ತಿತ್ತು ಎಂದರು. ಅವನ ಮಿಷಿನಿನ ಮುಂದೆ ಉಗುಳಿ ಹೋದರು. ನಾನು ನೀರಿನ ಮೇಸ್ತ್ರಿ, ನನ್ನನ್ನು ಯಾರೂ ನೆನೆಯಲಿಲ್ಲ.

ಮೂರನೆಯ ದಿನ ನಾನು ಅವನ ಹತ್ತಿರ ಹೋದೆ. ಅವನು ತಲೆ ಎತ್ತಲಿಲ್ಲ.

“ನೀನು ಕೇಳಿಸಿಕೊಂಡೆ, ಅಲ್ಲವಾ?” ಎಂದೆ.

“ನನ್ನ ಕಿವಿ ಚೆನ್ನಾಗಿದೆ.”

“ನಾನು ಎಲ್ಲರ ಮುಂದೆ ಹೇಳಿಬಿಡುತ್ತೇನೆ.”

“ಹೇಳಿದರೆ ನಿಮ್ಮ ತಂಡವನ್ನು ಇವತ್ತೇ ಓಡಿಸುತ್ತಾರೆ. ಬರೀ ಓಡಿಸಿದರೆ ನಿನ್ನ ಪುಣ್ಯ. ಪಂಪು ನಿಂತರೆ ನೋಡುವವರು ಯಾರು? ನನ್ನ ಮಕ್ಕಳಿಗೂ ನೀರು ಬೇಕು, ನನ್ನ ಮುಂದೆ ಉಗುಳಿದವರ ಮಕ್ಕಳಿಗೂ ನೀರು ಬೇಕು. ಬೇಸಿಗೆ ಕಳೆಯಲಿ. ಆಮೇಲೆ ಹೇಳು.”

ಸೀಮೆಎಣ್ಣೆ ಹಾಕಿ ಎಲ್ಲ ಕ್ಯಾನುಗಳ ಬಣ್ಣ ಉಜ್ಜಿ ತೆಗೆದೆ. ಬೇಸಿಗೆ ಕಳೆಯುವ ಮೊದಲೇ ನಮ್ಮ ತಂಡದ ಅವಧಿ ಮುಗಿಯಿತು. ನಾನು ಬಂದುಬಿಟ್ಟೆ. ಆಮೇಲೆ ಹೇಳುತ್ತೇನೆ ಎಂದುಕೊಂಡದ್ದು ಆಮೇಲೆಯೇ ಉಳಿಯಿತು.

ಸಮಿತಿಯಲ್ಲಿ “ಆಗ್ಲಿ ರೀ” ಎಂದವನು ಹೀಗೆ ನಡೆದುಕೊಂಡ ಮನುಷ್ಯ. ಆ ಕೋಣೆಯಲ್ಲಿ ಎಲ್ಲರೂ ಡಿಗ್ರಿ ಓದಿದವರು. ಅವರ ನಡುವೆ ನನಗೆ ಒಂದು ಕುರ್ಚಿ ಸಿಕ್ಕದ್ದು ಆ ನೀರಿನ ಕೆಲಸದಿಂದ. ಆ ಕುರ್ಚಿಯಿಂದ ಎದ್ದು ನಿಂತು, ಏಳು ಜನರನ್ನು ಹಿಡಿಸಿದ್ದು ನಾನು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕಾಗದ ಹೇಗೋ ಬರುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ದರ್ಜಿಗೆ ವಿಷಯ ತಿಳಿಸಿದೆ. ಯಾಕೆ ಕಾಗದ ಬೇಕು ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಾಗಿರಬೇಕು. “ತರುತ್ತೇನೆ ಮೇಸ್ತ್ರಿ. ದಾರಿ ಸ್ವಲ್ಪ ತೆರೆಯಲಿ,” ಎಂಬ ಸಂದೇಶ ಬಂತು. ಒಂದು ವಾರದ ನಂತರ, “ಇನ್ನೂ ತೆರೆದಿಲ್ಲ,” ಎಂದು. ಇನ್ನೊಂದು ವಾರಕ್ಕೆ, “ಎಷ್ಟು ದಿನ ಉಳಿದಿದೆ?” ಎಂದಷ್ಟೇ. ನಾನು ದಿನ ಲೆಕ್ಕ ಹಾಕಿ ಹೇಳಿದೆ. ಹೋಗಬೇಡ ಎಂದು ಹೇಳಲಿಲ್ಲ. ಹಾಗೆ ಹೇಳಬೇಕಾದರೆ ಅದರ ಹಿಂದಿನದನ್ನೆಲ್ಲ ಹೇಳಬೇಕಿತ್ತು.

ಬರ್ಲಿಂಗ್ಟನ್ನಿಗೆ ಗಾಡಿ ಓಡಿಸುವಾಗ ರಸ್ತೆಯ ಬದಿಯ ಹಿಮ, ಅದನ್ನು ಕರಗಿಸಲು ಎರಚಿದ ಉಪ್ಪಿಗೆ ಕಪ್ಪಾಗಿ ಬಿದ್ದಿರುತ್ತಿತ್ತು. ಕೆಲಸದಲ್ಲಿ ಎರಡು ಸಲ ಪಂಪಿನ ಸೀಲು ತಿರುಗುಮುರುಗು ಕೂರಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಫೋರ್‌ಮನ್ ಪಂಪನ್ನು ತಿರುಗಿ ನನ್ನ ಮೇಜಿಗೆ ತಂದಿಟ್ಟ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ವಾರ ನನ್ನದು ಮಧ್ಯಾಹ್ನದ ಶಿಫ್ಟು. ಶುಕ್ರವಾರ ಬೆಳಗ್ಗೆ ತಟ್ಟೆಯ ಮುಂದೆ ಕೂತಿದ್ದೆ. ರೊಟ್ಟಿ ಆರಿಹೋಗಿತ್ತು. ಹೆಂಡತಿ ಎದುರಿಗೆ ಬಂದು ನಿಂತಳು.

“ಏನ್ರೀ, ಊಟ ಬಿಟ್ಟೀರಿ, ಪ್ರಾರ್ಥನಾ ಬಿಟ್ಟೀರಿ. ಎದಿಯಾಗಿನ ಪಂಪ್ ಕೆಟ್ಟೈತೇನು?”

“ತಲಿ ತಿನ್ನಬ್ಯಾಡ.”

“ತಿನ್ನಾಕ ಅದರಾಗ ಏನೈತಿ? ಬರೇ ನಟ್ಟು, ಬೋಲ್ಟು.”

ಮಾಮೂಲಿಯಾಗಿದ್ದರೆ ನಾನೂ ಒಂದು ತಿರುಗಿ ಹೇಳುತ್ತಿದ್ದೆ. ಅವತ್ತು ಎಲ್ಲವನ್ನೂ ಹೇಳಿಬಿಟ್ಟೆ, ಬಣ್ಣದಿಂದ ಹಿಡಿದು ಕಾಗದದವರೆಗೆ. ಅವಳು ಒಲೆ ಆರಿಸಿದಳು.

“ಆ ಕಾಗದಾ ತರೂ ದಾರಿ ಹೆಂಗೈತಿ?”

“ಚಲೋ ಇಲ್ಲ.”

“ಚಲೋ ಇಲ್ಲ ಅಂದ್ರ?”

“ಹೋದವ್ರು ಎಲ್ಲಾರೂ ತಿರುಗಿ ಬರಂಗಿಲ್ಲ.”

ಅವಳು ನನ್ನ ಮುಂದಿನ ತಟ್ಟೆ ಎತ್ತಿಕೊಂಡಳು. “ಮತ್ತ ನನಗ ಯಾಕ ಹೇಳಾಕತ್ತೀರಿ? ನಾ ಏನ್ ಪಾದ್ರಿ ಏನು? ಯಾರಿಗೆ ಹೇಳಬೇಕೋ ಆಕಿ ಕೆಳಗಿದಾಳ. ಏಳ್ರಿ ಮ್ಯಾಲೆ.”

ಕೆಳಗೆ ಹುಡುಗಿ ಶಾಲೆಗೆ ಹೋಗಿದ್ದಳು. ಮುದುಕಿ ಎತ್ತರದ ಸಣ್ಣ ಕಿಟಕಿಯ ಕೆಳಗೆ ಕುರ್ಚಿ ಹಾಕಿಕೊಂಡಿದ್ದಳು, ಅಲ್ಲಿಂದ ಹಿಮವೂ ಓಡಾಡುವವರ ಬೂಟುಗಳೂ ಕಾಣುತ್ತವೆ. ಹೆಂಗಸು ಹಿಟ್ಟು ನಾದುತ್ತಿದ್ದಳು. ನಾನು ನಿಂತೇ ಹೇಳಿದೆ. ಅವಳ ಭಾಷೆಯಲ್ಲಿ ನನಗೆ ಪೈಪಿನ ಶಬ್ದ, ಸಂತೆಯ ಶಬ್ದ ಬರುತ್ತವೆ. ಇಂಥ ಮಾತಿಗೆ ಶಬ್ದ ಬರುವುದಿಲ್ಲ. ಅದಕ್ಕೇ ಇರಬೇಕು, ಹೇಳಿದ್ದು ಬಹಳ ಸರಳವಾಗಿ ಬಂತು. ದರ್ಜಿ ಹೇಳಲಿಲ್ಲ. ನಾನು ಹೇಳಿದೆ. ಅವನು ಕೇಳಿಸಿಕೊಂಡ. ನೀರಿಗಾಗಿ ಸುಮ್ಮನಿದ್ದ.

ಅವಳ ಕೈ ಹಿಟ್ಟಿನಲ್ಲೇ ನಿಂತಿತು.

“ನಮ್ಮ ಪಾಳಿ ಏಳು ಗಂಟೆಗೆ ಎಂಬುದನ್ನೂ ಹೇಳಿದೆಯಾ?”

“ಹೇಳಿದೆ.”

“ಅವರು ಹೊಡೆದು ಕೇಳಿದರಾ?”

“ಇಲ್ಲ. ಹೊಗಳಿದರು.”

ಮುದುಕಿಗೆ ಕಿವಿ ಮಂದ. “ಏನಂತೆ? ಮೇಸ್ತ್ರಿ ಏನು ಹೇಳುತ್ತಿದ್ದಾನೆ?” ಎಂದು ಕೂಗಿ ಕೇಳಿದಳು.

“ನೀರಿನ ವಿಷಯ, ಅಮ್ಮ,” ಎಂದಳು ಸೊಸೆ.

ಮುದುಕಿ ನನ್ನ ಕಡೆ ಕೈ ಎತ್ತಿ, ನಿನ್ನ ಕೈಗಳಿಗೆ ದೇವರು ಆಯುಷ್ಯ ಕೊಡಲಿ ಎಂದು ಹರಸಿದಳು. ನಾನು ನೆಲ ನೋಡಿದೆ.

ಹೆಂಗಸು ಕೈ ತೊಳೆದಳು, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ. “ಅವನು ಬರಲಿ. ಅವನ ಮೇಲೆ ನನ್ನ ದೂರಿಲ್ಲ ಎಂದು ಎಲ್ಲಿ ಸಹಿ ಮಾಡಬೇಕು ಹೇಳು. ನಿನ್ನ ವಿಷಯ ನಾನು ಆಮೇಲೆ ಯೋಚಿಸುತ್ತೇನೆ.”

ಅಲ್ಲೇ ನಿಂತು ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರಿಗೂ ಹೇಳಿದೆ. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

“ಬ್ರದರ್, ಇದನ್ನ ಅವತ್ತೇ ಹೇಳ್ಬಾರ್ದಿತ್ತಾ?”

“ಹೇಳಬೇಕಿತ್ರಿ.”

“ನಂಗೆ ಆ ರೋಡ್ ಬಗ್ಗೆ ಏನು ಗೊತ್ತು? ನಿಮ್ಗೆ ಗೊತ್ತಿತ್ತಲ್ವಾ?” ಅವರು ಸಿಟ್ಟಾಗಿರಲಿಲ್ಲ, ಹೆದರಿದ್ದರು. “ಲೆಟರ್ ಬೇಡ ಅಂತ ಈಗ್ಲೇ, ಈ ನಿಮಿಷ್ದಲ್ಲೇ ತಿಳ್ಸಿ ಅವ್ರಿಗೆ. ಸಿಸ್ಟರ್ ಸೈನ್ ಸಾಕು. ಫೈಲ್ ನಾನು ಇವತ್ತೇ ಮೂವ್ ಮಾಡ್ತೀನಿ.”

ಸ್ಪೀಕರ್ ಹಾಕಿ ದರ್ಜಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆಯ ಹೊತ್ತು. ಐದಾರು ಸಲ ರಿಂಗಾದ ಮೇಲೆ ಎತ್ತಿದವಳು ಅವನ ಹೆಂಡತಿ. ನನ್ನ ಧ್ವನಿ ಕೇಳಿ ಅವಳಿಗೆ ಖುಷಿಯಾಯಿತು.

“ಮೇಸ್ತ್ರಿ! ಒಳ್ಳೆಯ ಹೊತ್ತಿಗೆ ಮಾಡಿದೆ. ಅವನು ನಿನ್ನೆ ಬೆಳಗ್ಗೆಯೇ ಪಟ್ಟಣಕ್ಕೆ ಹೋದ. ದಾರಿಯಲ್ಲಿ ಕಸಿದುಕೊಳ್ಳುತ್ತಾರೆಂದು ಫೋನ್ ಇಲ್ಲೇ ಬಿಟ್ಟು ಹೋಗಿದ್ದಾನೆ. ವಾಯಿದೆ ಮುಗಿಯುತ್ತದೆ, ಇನ್ನು ಕಾಯಲಾಗುವುದಿಲ್ಲ ಎಂದ. ಆಫೀಸಿನವರು ಅಲ್ಲಿಂದಲೇ ನೇರವಾಗಿ ನಿಮ್ಮ ಚರ್ಚಿನ ಕಂಪ್ಯೂಟರಿಗೆ ಕಾಗದ ಕಳಿಸುತ್ತಾರಂತೆ. ನಿನ್ನೆ ಮಧ್ಯಾಹ್ನವೇ ಕಳಿಸಿರಬೇಕು. ಬಂತಲ್ಲ?”

ಕಾಗದ ಬಂದಿದ್ದರೆ ಅವನು ಪಟ್ಟಣ ಮುಟ್ಟಿದ್ದಾನೆ ಎಂದರ್ಥ. ಬಂದಿಲ್ಲವೆಂದರೆ ಗಾಡಿ ನಿಲ್ಲಿಸಿ ಇಳಿಸುವ ಆ ನಾಲ್ಕು ಕಡೆಗಳಲ್ಲಿ ಎಲ್ಲೋ ಒಂದು ಕಡೆ. ಅವಳಿಗೆ ನಾನು ಏನು ಹೇಳಿದರೂ ಅದು ಕಾಗದದ ಸುದ್ದಿಯಲ್ಲ, ಅವನ ಸುದ್ದಿ. ಕಾರ್ಯದರ್ಶಿಗಳು ಬೆಳಗ್ಗೆಯಿಂದ ಕಂಪ್ಯೂಟರಿನ ಮುಂದೆಯೇ ಇದ್ದರು. ಬಂದಿದ್ದರೆ ಹೇಳುತ್ತಿದ್ದರು.

“ಇನ್ನೂ ಬಂದಿಲ್ಲ,” ಎಂದೆ.

ಆ ಕಡೆ ಮಕ್ಕಳಿಗೆ ಅವಳು ಏನೋ ಹೇಳಿದ್ದು ಕೇಳಿಸಿತು. ಮಕ್ಕಳ ಸದ್ದು ನಿಂತಿತು. ಆಮೇಲೆ ಮೆಲ್ಲಗೆ ಕೇಳಿದಳು, “ಅದು ಅಷ್ಟು ಬೇಕೇ ಬೇಕಾದ ಕಾಗದವಾ, ಮೇಸ್ತ್ರಿ?”

ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಶಿಬಿರದಲ್ಲಿ ಯಾರ ಮಿಷಿನಿನ ಮುಂದೆ ಉಗುಳಿದ್ದಳೋ ಅವನ ಹೆಂಡತಿಗೆ, “ಅಲ್ಲ ಅಕ್ಕ, ಬೇಕಿರಲಿಲ್ಲ,” ಎಂದಳು.

ಈಗ ಏಪ್ರಿಲ್. ಹಿಮ ಕರಗಿದೆ. ದರ್ಜಿಯ ಸುದ್ದಿ ಇಲ್ಲ. ಕೆಳಗಿನವರು ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ. ಹೆಂಗಸು ನನ್ನನ್ನು ಮೇಸ್ತ್ರಿ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ, ಬೇರೆ ಏನೂ ಕರೆಯುವುದಿಲ್ಲ. ಪ್ರತಿ ಶುಕ್ರವಾರ ದರ್ಜಿಯ ಹೆಂಡತಿಗೆ ಅವಳೇ ಫೋನ್ ಮಾಡುತ್ತಾಳೆ. ಫೈಲು ಬೇಗ ಬೇಗ ಮುಂದೆ ಹೋಗುತ್ತಿದೆ. ಕಳೆದ ಭಾನುವಾರ ಕಾರ್ಯದರ್ಶಿಗಳು ದರ್ಜಿಯ ಕುಟುಂಬದ ಫಾರ್ಮು ತುಂಬುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಬ್ರದರ್, ಒಟ್ಟು ಎಷ್ಟು ಜನ ಅಂತ ಬರೀಲಿ? ನಾಲ್ಕಾ, ಐದಾ?”

ನನ್ನ ಪಕ್ಕ ಕೂತಿದ್ದ ನಮ್ಮ ಕೆಳಮನೆಯ ಹೆಂಗಸಿಗೆ ಈಗ ಅಷ್ಟು ಕನ್ನಡ ತಿಳಿಯುತ್ತದೆ. ನಾನು ಅವಳ ಭಾಷೆಗೆ ತಿರುಗಿಸುವ ಮೊದಲೇ ಅವಳು ಮೇಜಿನ ಮೇಲೆ ಕೈ ಊರಿ, ಐದೂ ಬೆರಳು ಬಿಡಿಸಿ ಇಟ್ಟಳು. ಅವರು ಬರೆದು ಮುಗಿಸುವವರೆಗೆ ಆ ಕೈಯನ್ನು ತೆಗೆಯಲಿಲ್ಲ.